ಹನ್ನೊಂದು ಸೆಕೆಂಡಿನ ಧ್ವನಿ

ಆ ಡಬ್ಬಿ ನಮ್ಮ ಲ್ಯಾಬಿಗೆ ಬಂದದ್ದು ಮಾರ್ಚ್ ತಿಂಗಳ ಒಂದು ಮಂಗಳವಾರ. ತಂದ ಡ್ರೈವರ್ ಅದನ್ನು ಮೇಜಿನ ಮೇಲಿಟ್ಟು, ಸಹಿ ಹಾಕಿಸಿಕೊಂಡು, ಓಡುವ ಹಾಗೆ ಹೊರಟುಹೋದ. ಅವನ ಹೆದರಿಕೆಯಲ್ಲಿ ತಪ್ಪೇನಿರಲಿಲ್ಲ. ಒಳಗಿದ್ದದ್ದು ತೊಂಬತ್ತು ವರ್ಷ ದಾಟಿದ ನೈಟ್ರೇಟ್ ಫಿಲ್ಮು. ಒಮ್ಮೆ ಹೊತ್ತಿಕೊಂಡರೆ ನೀರಿನಲ್ಲಿ ಮುಳುಗಿಸಿದರೂ ಉರಿಯುತ್ತದೆ. ಇಲ್ಲಿ ಅದನ್ನು ಇಟ್ಟುಕೊಳ್ಳಲು ಸಿಡಿಮದ್ದು ಇಟ್ಟುಕೊಳ್ಳುವವರ ಹಾಗೆ ಪರವಾನಗಿ ಬೇಕು.

ಜರ್ಮನಿಯ ಡ್ಯೂಸೆಲ್ಡಾರ್ಫಿನ ಆ ಲ್ಯಾಬಿನಲ್ಲಿ ನನ್ನ ಕೆಲಸ ಹಳೆಯ ಸಿನಿಮಾಗಳ ಧ್ವನಿ ಸರಿಪಡಿಸುವುದು. ಚಿತ್ರ ನೋಡಿಕೊಳ್ಳುವವರು ಬೇರೆ ಇದ್ದಾರೆ. ಆದರೆ ಡಬ್ಬಿ ತೆರೆಯುವಾಗ ಎಲ್ಲರೂ ಸೇರುತ್ತೇವೆ. ಮುಚ್ಚಳ ಎತ್ತಿದ ಕೂಡಲೇ ಹುಳಿ ಬಂದ ಮೊಸರಿಗೆ ಬೂಟ್ ಪಾಲಿಶ್ ಸೇರಿಸಿದಂಥ ವಾಸನೆ ಬಂತು. ಲ್ಯಾಬಿನ ಮುಖ್ಯಸ್ಥೆ ಮೂಗು ಮುಚ್ಚಿಕೊಳ್ಳದೆ ಬಗ್ಗಿ ನೋಡಿದರು. ಮೂವತ್ತು ವರ್ಷದಿಂದ ಈ ಕೆಲಸದಲ್ಲಿರುವವರು.

"ಒಂಬತ್ತು ರೀಲಿನ ಸಿನಿಮಾ. ಉಳಿದಿರೋದು ಇದೊಂದೇ," ಅಂದರು. "ಮುಚ್ಚಿಹೋದ ಒಂದು ಥಿಯೇಟರಿನ ಅಟ್ಟದಲ್ಲಿ ಸಿಕ್ಕಿತಂತೆ. ಇದರಲ್ಲಿ ಆ ನಟ ಇದ್ದಾನೆ."

ಆ ನಟನ ಮುಖ ನೀವೂ ನೋಡಿರಬಹುದು, ಹೆಸರು ಗೊತ್ತಿರಲಾರದು. ಹಾಲಿವುಡ್ಡಿನ ಹಳೆಯ ಕಪ್ಪು-ಬಿಳುಪು ಚಿತ್ರಗಳಲ್ಲಿ ನಾಯಕ ಹೋಟೆಲಿಗೆ ಹೋದರೆ ಬೀಗದ ಕೈ ಕೊಡುವವನು, ನಾಯಕಿ ಮೂರ್ಛೆ ಹೋದರೆ ನಾಡಿ ಹಿಡಿಯುವ ವೈದ್ಯ, ಗಡಿಯಾರ ರಿಪೇರಿಯವನು, ಮರೆವಿನ ಪ್ರೊಫೆಸರ್. ಯುದ್ಧದ ವರ್ಷಗಳಲ್ಲಿ ಮಾತ್ರ ಸಾಲುಸಾಲಾಗಿ ಜರ್ಮನ್ ಅಧಿಕಾರಿಯ ಪಾತ್ರ. ನಾಝಿಗಳಿಗೆ ಹೆದರಿ ದೇಶ ಬಿಟ್ಟ ಯಹೂದಿ ನಟನಿಗೆ ಅಲ್ಲಿ ಸಿಕ್ಕಿದ್ದು ಅವರದೇ ಸಮವಸ್ತ್ರ. ಹೆಚ್ಚಿನ ಚಿತ್ರಗಳಲ್ಲಿ ಹೆಸರೂ ಹಾಕುತ್ತಿರಲಿಲ್ಲ. ಹುಟ್ಟಿ ಬೆಳೆದದ್ದು ಇದೇ ಡ್ಯೂಸೆಲ್ಡಾರ್ಫಿನಲ್ಲಿ. ಊರು ಬಿಡುವ ಮೊದಲು, ಇಪ್ಪತ್ತೇಳನೇ ವಯಸ್ಸಿನಲ್ಲಿ, ಅವನು ಜರ್ಮನ್ ಭಾಷೆಯ ಒಂದೇ ಒಂದು ವಾಕ್ಚಿತ್ರದಲ್ಲಿ ಕ್ಷೌರಿಕನ ಪಾತ್ರ ಮಾಡಿದ್ದ. ನಾಲ್ಕು ಮಾತಿನ ಪಾತ್ರ. ಆ ನಾಲ್ಕು ಮಾತು ಈ ರೀಲಿನಲ್ಲಿದ್ದವು. ಒಂದು ಸಣ್ಣ ಸಿನಿಮಾ ಮ್ಯೂಸಿಯಂ ಮೇ ತಿಂಗಳಲ್ಲಿ ಅವನ ನೆನಪಿಗೆ ಒಂದು ಸಂಜೆ ಇಟ್ಟುಕೊಂಡಿತ್ತು. ಅಷ್ಟರೊಳಗೆ ಮುಗಿಸಬೇಕಿತ್ತು.

ಮೊದಲ ವಾರ ರೀಲು ಬಿಚ್ಚುವುದರಲ್ಲೇ ಹೋಯಿತು. ಹೊರಸುತ್ತುಗಳು ಒಣಗಿ ಚಕ್ಕೆಯಾಗಿದ್ದವು. ನಡುವೆ ಒಂದು ಕಡೆ ಬೆಲ್ಲದ ಪಾಕ ಸುರಿದಂತೆ ಸುತ್ತುಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಗಾಳಿಯಾಡದ ಪೆಟ್ಟಿಗೆಯಲ್ಲಿಟ್ಟು ಎರಡು ದಿನ ತೇವ ಕೊಟ್ಟೆವು. ಆಮೇಲೆ ತೆಳುವಾದ ಪಟ್ಟಿಯೊಂದನ್ನು ಸುತ್ತುಗಳ ನಡುವೆ ತೂರಿಸಿ, ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಬಿಡಿಸುತ್ತ ಹೋದೆವು. ಅಂಟಿದ ಜಾಗ ಸರಿಯಾಗಿ ಕ್ಷೌರದಂಗಡಿಯ ದೃಶ್ಯದ ನಡುವೆಯೇ ಬಂತು. ಮೂರು ಮೀಟರ್ ಫಿಲ್ಮು ಪಟ್ಟಿಗೆ ಅಂಟಿಕೊಂಡು ಪುಡಿಪುಡಿಯಾಗಿ ಬಂತು. ಮೂರು ಮೀಟರ್ ಎಂದರೆ ಆರೂವರೆ ಸೆಕೆಂಡು. ನಾಲ್ಕರಲ್ಲಿ ಎರಡು ಮಾತು ಹೋದವು. ಮುಖ್ಯಸ್ಥೆ ಆ ಪುಡಿಯನ್ನೂ ಒಂದು ಗಾಜಿನ ಸೀಸೆಯಲ್ಲಿ ಹಾಕಿ, ಚೀಟಿ ಅಂಟಿಸಿ ಇಟ್ಟರು.

ಉಳಿದದ್ದನ್ನು ಸ್ಕ್ಯಾನ್ ಮಾಡಿದೆವು. ಆ ಕಾಲದ ಫಿಲ್ಮಿನಲ್ಲಿ ಧ್ವನಿ ಇರುವುದು ಚಿತ್ರದ ಪಕ್ಕದಲ್ಲೇ, ಒಂದು ಸಣ್ಣ ಪಟ್ಟೆಯಾಗಿ. ಬೆಳಕು ಅದರ ಮೂಲಕ ಹಾದರೆ ಮಾತು ಬರುತ್ತದೆ. ಈಗ ಆ ಪಟ್ಟೆಯನ್ನೂ ಫೋಟೊ ತೆಗೆದಂತೆ ತೆಗೆದು ಕಂಪ್ಯೂಟರಿನಲ್ಲಿ ಧ್ವನಿಯಾಗಿ ಬದಲಿಸುತ್ತೇವೆ. ಬದಲಿಸಿ ಕೇಳಿದೆ. ಬಾವಿಯೊಳಗೆ ಬಾಯಿಗೆ ಬಟ್ಟೆ ಕಟ್ಟಿಕೊಂಡು ಯಾರೋ ಮಾತಾಡಿದಂತಿತ್ತು. ಧ್ವನಿ ಏರುತ್ತದೆ, ಇಳಿಯುತ್ತದೆ, ನೀರಿನಲ್ಲಿ ತೇಲಿದಂತೆ ಅಲುಗುತ್ತದೆ. ಫಿಲ್ಮು ಒಂದೊಂದು ಕಡೆ ಒಂದೊಂದು ಪ್ರಮಾಣದಲ್ಲಿ ಕುಗ್ಗಿದ್ದರಿಂದ ಹಾಗೆ. ಮೇಲೆ ಸಾವಿರ ಚಿಟಪಟ, ಕೆಳಗೆ ಗುಂಯ್ ಎನ್ನುವ ಒಂದು ಸದ್ದು.

ಆ ವಾರವೇ ಅವರು ಬಂದರು. ನಟನ ಮಗಳು. ತೊಂಬತ್ತು ದಾಟಿದವರು, ಕೋಲು ಹಿಡಿದು, ಟ್ರಾಮಿನಲ್ಲಿ ಒಬ್ಬರೇ ಬಂದಿದ್ದರು. ಟೆರ್ಮಿನ್, ಅಂದರೆ ಮೊದಲೇ ಗೊತ್ತುಮಾಡಿಕೊಂಡ ಸಮಯ, ಇಲ್ಲದೆ ಇಲ್ಲಿ ಯಾರೂ ಯಾರ ಬಾಗಿಲನ್ನೂ ತಟ್ಟುವುದಿಲ್ಲ. ಮುಖ್ಯಸ್ಥೆ ಅದನ್ನೇ ಕೇಳಿದಾಗ, "ನನ್ನ ವಯಸ್ಸಿನಲ್ಲಿ ಆರು ವಾರ ಆದ ಮೇಲಿನ ಟೆರ್ಮಿನ್ ಯಾರು ತೊಗೋತಾರೆ?" ಅಂದರು. ನನ್ನ ಪಕ್ಕದ ಕುರ್ಚಿಯಲ್ಲಿ ಕೂತು ಕೋಟಿನ ಗುಂಡಿ ಬಿಚ್ಚಿದರು.

ತಂದೆ ಊರು ಬಿಟ್ಟಾಗ ಅವರಿಗೆ ಏಳು ತಿಂಗಳು. ಅಮೆರಿಕದಲ್ಲಿ ನೆಲೆಯಾದ ಮೇಲೆ ಹೆಂಡತಿ ಮಗುವನ್ನು ಕರೆಸಿಕೊಳ್ಳುವುದೆಂದು ಮಾತಾಗಿತ್ತು. ಕೆಲವು ವರ್ಷ ಕಾಗದಗಳು ಬಂದವು. ಆಮೇಲೆ ಯುದ್ಧ. ತಾಯಿ ಯಹೂದಿಯಲ್ಲ. ಮಗಳ ಹೆಸರು ಬದಲಿಸಿ, ಹಳ್ಳಿಯಲ್ಲಿ ಅಜ್ಜಿಯ ಹತ್ತಿರ ಅಡಗಿಸಿಟ್ಟು ಉಳಿಸಿಕೊಂಡರು. ಯುದ್ಧ ಮುಗಿಯುವಷ್ಟರಲ್ಲಿ ಲಾಸ್ ಏಂಜಲಿಸಿನಲ್ಲಿ ಅವನಿಗೆ ಇನ್ನೊಂದು ಸಂಸಾರವಾಗಿತ್ತು. ಅವನು ತಿರುಗಿ ಬರಲಿಲ್ಲ. ಇವರು ಹೋಗಲೂ ಇಲ್ಲ.

"ಹದಿನೈದನೇ ವಯಸ್ಸಿನಲ್ಲಿ ಅಮ್ಮ ನನ್ನನ್ನ ಸಿನಿಮಾಕ್ಕೆ ಕರ್ಕೊಂಡು ಹೋದಳು," ಎಂದು ಹೇಳಿದರು. "ನಡುವೆ ಒಬ್ಬ ಹೋಟೆಲಿನವನು ಬಂದ. ಅಮ್ಮ ನನ್ನ ಕೈ ಹಿಡಿದು, ಇವನೇ, ಅಂದಳು. ಅವನು ಬಾಯಿ ತೆರೆದು ಜರ್ಮನ್ ಮಾತಾಡಿದ. ನನಗೆ ಎಷ್ಟು ಖುಷಿ ಅಂತೀರಿ. ಹೊರಗೆ ಬಂದ ಮೇಲೆ ಅಮ್ಮ ಹೇಳಿದಳು, ಧ್ವನಿ ಅವನದಲ್ಲ, ಇಲ್ಲಿ ಬೇರೆ ಯಾರೋ ಡಬ್ ಮಾಡಿದ್ದಾರೆ ಅಂತ."

ಅವರ ಚೀಲದಲ್ಲಿ ಒಂದು ನೋಟುಪುಸ್ತಕ ಇತ್ತು. ಯಾವ ಚಿತ್ರ, ಯಾವ ಪಾತ್ರ, ಜರ್ಮನ್ ಭಾಷೆಗೆ ಧ್ವನಿ ಕೊಟ್ಟವರು ಯಾರು ಎಂದು ಒಂದೊಂದಕ್ಕೂ ಬರೆದಿದ್ದರು. ಒಂದೇ ತಂದೆಗೆ ಎಷ್ಟೊಂದು ಗಂಟಲು! ಒಂದು ಚಿತ್ರದಲ್ಲಿ ಅವನು ನಾಝಿ ಅಧಿಕಾರಿ. ಯುದ್ಧದ ನಂತರ ಇಲ್ಲಿ ಡಬ್ ಮಾಡುವಾಗ ಮಾತನ್ನೇ ಬದಲಿಸಿ ಅವನನ್ನು ಕಳ್ಳಸಾಗಣೆಯವನನ್ನಾಗಿ ಮಾಡಿದ್ದರು.

"ಮೂಲ ಇಂಗ್ಲಿಷ್ ಕೇಳಿಲ್ಲವೇ?" ಎಂದೆ.

"ಕೇಳಿದ್ದೀನಿ. ಡಿವಿಡಿ ಬಂದ ಮೇಲೆ ಎಲ್ಲಾ ತರಿಸಿಕೊಂಡೆ. ಅದು ಕೆಲಸಕ್ಕೆ ಹೋದ ಮನುಷ್ಯನ ಧ್ವನಿ. ಮನೆಗೆ ಬಂದ ಮೇಲೆ ಹೇಗೆ ಮಾತಾಡ್ತಿದ್ದರು, ಅದು ನನಗೆ ಬೇಕು."

ನಾನು ಆಗ ಅವರಿಗೆ ಏನನ್ನೂ ಕೇಳಿಸಲಿಲ್ಲ. ಆ ಸ್ಥಿತಿಯಲ್ಲಿ ಕೇಳಿಸುವಂತಿರಲಿಲ್ಲ. "ಇನ್ನೂ ಸ್ವಲ್ಪ ದಿನ ಬೇಕು," ಎಂದೆ. "ನನ್ನ ಹತ್ತಿರ ಎಷ್ಟಿದೆಯೋ ಅಷ್ಟು ತೊಗೊಳ್ಳಿ," ಎಂದು ಎದ್ದರು.

ಅವರು ಹೋದ ಮೇಲೆ ಎರಡು ವಾರ ನಾನು ಮಾಡಿದ್ದೆಲ್ಲ ತಪ್ಪು. ಎಲ್ಲರೂ ಮಾಡುವ ಕ್ರಮದಲ್ಲೇ ಶುರುಮಾಡಿದೆ: ಮೊದಲು ಗುಂಯ್ ಸದ್ದು ತೆಗೆ, ಆಮೇಲೆ ಚಿಟಪಟ, ಆಮೇಲೆ ಉಸ್ ಎನ್ನುವ ಸದ್ದು. ಒಂದೊಂದು ಸದ್ದು ಹೋದ ಹಾಗೆಲ್ಲ ಜೊತೆಯಲ್ಲಿ ಮಾತಿನ ಅಂಚೂ ಹೋಗುತ್ತಿತ್ತು. ಕೊನೆಗೆ ಉಳಿದದ್ದು ದಪ್ಪಗಿನ, ನಿಧಾನದ, ಮುದುಕನಂಥ ಧ್ವನಿ. ಇಂಗ್ಲಿಷ್ ಚಿತ್ರಗಳ ಅವನ ಧ್ವನಿಗೆ ಅದು ಹತ್ತಿರವಿತ್ತು. ಹಾಗಾಗಿ ಸರಿಯಾಗಿದೆ ಎಂದೇ ನಂಬಿದೆ. ಒಂದು ಪದದ ಮೊದಲ ಅಕ್ಷರ ಮಾತ್ರ ಹಾಳಾಗಿತ್ತು. 'ಗೂಟ್', ಅಂದರೆ 'ಒಳ್ಳೆಯದು', ಎಂದಿರಬೇಕಾದ ಕಡೆ 'ಗ' ಸವೆದುಹೋದಂತೆ ಕೇಳುತ್ತಿತ್ತು. ಸೆನ್ಸಾರಿನವರಿಗೆ ಕೊಟ್ಟ ಹಳೆಯ ಸಂಭಾಷಣೆ ಪಟ್ಟಿಯಲ್ಲೂ 'ಗೂಟ್' ಎಂದೇ ಇತ್ತು. ಇಂಥಲ್ಲಿ ನಾವು ಮಾಡುವ ಒಂದು ಉಪಾಯವಿದೆ. ಅದೇ ರೀಲಿನ ಬೇರೊಂದು ಮಾತಿನಿಂದ ಒಂದು ಒಳ್ಳೆಯ 'ಗ' ಕತ್ತರಿಸಿ ತಂದು ಅಂಟಿಸಿದೆ. ಜೋಡಣೆ ತಿಳಿಯುತ್ತಲೇ ಇರಲಿಲ್ಲ. ನನ್ನ ಕೈಚಳಕಕ್ಕೆ ನಾನೇ ಮೆಚ್ಚಿಕೊಂಡೆ.

ಆದರೆ ಅಲುಗಾಟ ಹೋಗಲಿಲ್ಲ. ಆ ಶನಿವಾರ ನನ್ನ ಗೆಳೆಯ ಮನೆಗೆ ಬಂದಿದ್ದ. ದಾವಣಗೆರೆಯವನು. ದಕ್ಷಿಣ ಜರ್ಮನಿಯ ಸಿಂಡೆಲ್‌ಫಿಂಗೆನ್‌ನಲ್ಲಿ ಕಾರಿನೊಳಗಿನ ಸದ್ದು ಅಳೆಯುವ ಎಂಜಿನಿಯರ್. ಹೆಂಡತಿಯ ಕೆಲಸ ಡ್ಯೂಸೆಲ್ಡಾರ್ಫಿನಲ್ಲಿ ಇರುವುದರಿಂದ ವಾರಕ್ಕೊಮ್ಮೆ ರೈಲು ಹತ್ತಿ ಬರುತ್ತಾನೆ. ರಂಜಾನ್ ಮುಗಿದಿತ್ತು. ಅವನ ಹೆಂಡತಿ ಕೊಟ್ಟು ಕಳಿಸಿದ ಬಿರಿಯಾನಿ ತಿಂದು, ಕೈ ತೊಳೆದು, ನನ್ನ ಲ್ಯಾಪ್‌ಟಾಪಿನ ಮುಂದೆ ಕೂತ. ಹೆಡ್‌ಫೋನ್ ಹಾಕಿಕೊಂಡು ಎರಡು ಸಲ ಕೇಳಿದ.

"ಗುರು, ಕೆಳಗಡೆ ಗುಂಯ್ ಅನ್ನೋ ಹಮ್ ಇರ್ಬೇಕಲ್ಲ, ಎಲ್ಲಿ?"

"ತೆಗದೀನಲ್ಲ. ಮೊದಲ ಅದನ್ನ ತೆಗದೆ."

"ಯಾಕೆ ತೆಗ್ದೆ?"

"ಇಟ್ಕೊಂಡು ಏನ್ ಮಾಡ್ಲಪಾ? ಕಸ ಅಲ್ಲೇನ್ ಅದು?"

ಅವನು ಹೆಡ್‌ಫೋನ್ ಕುತ್ತಿಗೆಗೆ ಇಳಿಸಿದ. "ಕಸ ಅಲ್ಲ ಮಾರಾಯ, ಅದೇ ನಿನ್ನ ಸ್ಕೇಲು. ಅದು ಆವಾಗಿನ ಸ್ಟುಡಿಯೋ ಕರೆಂಟಿಂದು. ಇಲ್ಲಿ ಕರೆಂಟು ಸೆಕೆಂಡಿಗೆ ಐವತ್ತು ಸಲ ಅಲ್ಲಾಡ್ತೈತೆ, ಆವಾಗ್ಲೂ ಅಷ್ಟೇ. ಫಿಲ್ಮು ಎಲ್ಲಿ ಕುಗ್ಗೈತೋ ಅಲ್ಲಿ ಹಮ್ಮೂ ಅಷ್ಟೇ ತಪ್ಪಿರ್ತೈತೆ. ಹಮ್ಮನ್ನ ಐವತ್ತಕ್ಕೆ ಎಳೆದು ನೆಟ್ಟಗೆ ಮಾಡು. ಅದರ ಜೊತೆಗೆ ಮಾತೂ ನೆಟ್ಟಗಾಗ್ತೈತೆ."

ಹತ್ತು ವರ್ಷದಿಂದ ಈ ಕೆಲಸ ಮಾಡುತ್ತಿದ್ದೇನೆ. ಎಲ್ಲಕ್ಕಿಂತ ಮೊದಲು ಎಸೆಯುತ್ತಿದ್ದದ್ದು ಅದನ್ನೇ.

"ಎರಡು ವಾರದ ಕೆಲಸ ನೀರಾಗ ಹೋತು," ಎಂದೆ.

"ಹೋದ್ರೆ ಹೋಗ್ಲಿ ಬಿಡು. ಮೂಲ ಫೈಲ್ ಐತಲ್ಲ?"

ಇತ್ತು. ಸೋಮವಾರ ಮತ್ತೆ ಮೊದಲಿನಿಂದ ಶುರುಮಾಡಿದೆ. ಗುಂಯ್ ಸದ್ದನ್ನು ಮಾತ್ರ ಬೇರೆ ಮಾಡಿ ಪರದೆಯ ಮೇಲೆ ಗೆರೆಯಾಗಿ ನೋಡಿದೆ. ನೇರವಾಗಿರಬೇಕಾದ ಗೆರೆ ಹಾವಿನಂತೆ ಡೊಂಕಾಗಿತ್ತು. ಸೆಕೆಂಡನ್ನು ನೂರು ತುಂಡು ಮಾಡಿ, ಒಂದೊಂದು ತುಂಡನ್ನೂ ಹಿಗ್ಗಿಸಿ ಕುಗ್ಗಿಸಿ, ಗೆರೆ ನೆಟ್ಟಗಾಗುವವರೆಗೆ ಎಳೆದೆ. ಉಳಿದ ಸದ್ದುಗಳಿಗೆ ಈ ಸಲ ಆದಷ್ಟು ಕೈ ಹಚ್ಚಲಿಲ್ಲ. ಚಿಟಪಟದಲ್ಲಿ ಮಾತಿನ ಮೇಲೆ ಕೂತವನ್ನಷ್ಟೇ ತೆಗೆದೆ. ನಾಲ್ಕು ದಿನ ಹಿಡಿಯಿತು. ಗುರುವಾರ ಮಧ್ಯಾಹ್ನ ಮೊದಲ ಸಲ ಪೂರ್ತಿ ಕೇಳಿದೆ.

ಧ್ವನಿ ದಪ್ಪಗಿರಲಿಲ್ಲ. ಮುದುಕನದಂತೂ ಅಲ್ಲವೇ ಅಲ್ಲ. ಹಗುರವಾದ, ಚುರುಕಾದ, ನಗು ತಡೆದುಕೊಂಡು ಮಾತಾಡುವ ಹುಡುಗನ ಧ್ವನಿ. "ಬನ್ನಿ, ಕೂತ್ಕೊಳ್ಳಿ, ಇವತ್ತು ಯಾರೂ ಇಲ್ಲ," ಎಂದು ಗಿರಾಕಿಯನ್ನು ಕೂರಿಸುತ್ತಾನೆ. ಆಮೇಲೆ ಆರೂವರೆ ಸೆಕೆಂಡು ಇಲ್ಲ. ಆಮೇಲೆ, "ಇಷ್ಟು ಸಾಕಾ? ಒಳ್ಳೇದು, ಒಳ್ಳೇದು." ಉಳಿದದ್ದೆಲ್ಲ ಸೇರಿ ಹನ್ನೊಂದು ಸೆಕೆಂಡು. 'ಗೂಟ್'ನ 'ಗ' ಈಗಲೂ ಸರಿಯಿರಲಿಲ್ಲ. ಮೊದಲು ಅಂಟಿಸಿದ ಹಾಗೆಯೇ ಇನ್ನೊಮ್ಮೆ ಅಂಟಿಸಿದೆ.

ಮುಖ್ಯಸ್ಥೆ ಕೇಳಿ ತಲೆದೂಗಿದರು. ಆಮೇಲೆ ಹೇಳಿದರು: "ನಡುವಿನ ಎರಡು ಮಾತಿನ ಪಠ್ಯ ನಮ್ಮ ಹತ್ತಿರ ಇದೆ. ಅವನ ಇಂಗ್ಲಿಷ್ ಚಿತ್ರಗಳಿಂದ ಗಂಟೆಗಟ್ಟಲೆ ಧ್ವನಿ ಸಿಗುತ್ತದೆ. ಈಗ ಅದರಿಂದ ಅವನ ಬಾಯಲ್ಲೇ ಜರ್ಮನ್ ಹೇಳಿಸಬಹುದು. ಮ್ಯೂಸಿಯಮಿನವರು ಕೇಳುತ್ತಿದ್ದಾರೆ. ಆ ಸಂಜೆ ಮಗಳು ಬಂದು ಕೂತಾಗ ನಡುವೆ ಖಾಲಿ ಬಿಡುವುದು ಕ್ರೌರ್ಯ ಅನ್ನಿಸುವುದಿಲ್ಲವೇ?"

ನನಗೂ ಅದು ಸರಿ ಎನ್ನಿಸಿತು. ಕಂಪ್ಯೂಟರಿನಲ್ಲಿ ಧ್ವನಿ ಮಾಡುವ ಕೆಲಸ ನನಗೆ ಬರದು. ಗೆಳೆಯನಿಗೆ ಕಳಿಸಿದೆ. ಅವನು ಎರಡೇ ದಿನದಲ್ಲಿ ಮಾಡಿ ಕಳಿಸಿದ. ಕೇಳಿದೆ. ಒಂದು ಕಲೆಯಿಲ್ಲ. ಉಸಿರೆಳೆಯುವುದು ಕೂಡ ಇತ್ತು. ಅವನು ಉಳಿದ ಮಾತುಗಳನ್ನೂ ಅದೇ ಧ್ವನಿಯಲ್ಲಿ ಹೇಳಿಸಿದ್ದ, ಬೇಕಾದರೆ ಇರಲಿ ಎಂದು. ಅಲ್ಲಿ 'ಗೂಟ್' ಎಷ್ಟು ಸ್ಪಷ್ಟವಾಗಿತ್ತೆಂದರೆ ನಾಟಕಶಾಲೆಯಲ್ಲಿ ಉಚ್ಚಾರ ಕಲಿಸುವವರು ಚಪ್ಪಾಳೆ ತಟ್ಟಬೇಕು. ಮುಂದಿನ ವಾರ ಶುಕ್ರವಾರ ಮ್ಯೂಸಿಯಮಿಗೆ ಕಳಿಸಿಬಿಡುವುದೆಂದು ತೀರ್ಮಾನವಾಯಿತು.

ಶುಕ್ರವಾರ ಬೆಳಿಗ್ಗೆ ಲ್ಯಾಬಿನ ಕೆಳಗಿನ ಬೇಕರಿಗೆ ಹೋದೆ. ಅಲ್ಲಿರುವ ಹೆಂಗಸು ಅರವತ್ತು ದಾಟಿದವರು, ಈ ಊರಿನಲ್ಲೇ ಹುಟ್ಟಿ ಬೆಳೆದವರು. ನಾನು ಎರಡು ಬ್ರೆಡ್ ಕೇಳಿದೆ. ಎಂದಿನಂತೆ "ಯೂಟ್, ಯೂಟ್," ಎನ್ನುತ್ತ ಚೀಲಕ್ಕೆ ಹಾಕಿದರು.

ನಾನು ಚೀಲ ತೆಗೆದುಕೊಳ್ಳದೆ ನಿಂತೆ. "ಇನ್ನೇನಾದರೂ ಬೇಕಾ?" ಎಂದರು.

"ಇಲ್ಲ. ನೀವು ಈಗ ಏನಂದಿರಿ?"

"ಏನಂದೆ? ಒಳ್ಳೇದು ಅಂದೆ." ಆಮೇಲೆ ಅವರಿಗೇ ಹೊಳೆದು ನಕ್ಕರು. "ನಾವು ಹಳಬರು ಹಾಗೇ ಅನ್ನೋದು. ನಮ್ಮ ಬಾಯಲ್ಲಿ 'ಗ' ಹೊರಡಲ್ಲ. ಶಾಲೆಯಲ್ಲಿ ಎಷ್ಟು ಬೈಸಿಕೊಂಡಿದ್ದೀವಿ."

ಒಂಬತ್ತು ವರ್ಷದಿಂದ ದಿನಾ ಅವರ ಬಾಯಲ್ಲಿ ಆ ಮಾತು ಕೇಳಿದ್ದೇನೆ. ಅಂದು ಕಿವಿಗೆ ಬಿತ್ತು. ಮೆಟ್ಟಿಲು ಹತ್ತಿ ಬಂದು ಮೂಲ ಫೈಲ್ ತೆರೆದೆ, ನಾನು ಅಂಟಿಸಿದ 'ಗ' ಇಲ್ಲದ್ದು. 'ಯೂಟ್, ಯೂಟ್.' ಫಿಲ್ಮು ಅಲ್ಲಿ ಸವೆದಿರಲೇ ಇಲ್ಲ. ಆ ಹುಡುಗ ಹಾಗೆಯೇ ಹೇಳಿದ್ದ. ರಂಗದ ಮೇಲೆ ಶುದ್ಧವಾಗಿ ಮಾತಾಡಲು ಕಲಿತ ನಟ, ಕ್ಯಾಮೆರಾದ ಮುಂದೆ ಒಂದು ಗಳಿಗೆ ಮೈಮರೆತು, ತನ್ನೂರಿನ ಮಾತು ಆಡಿಬಿಟ್ಟಿದ್ದ. ಅದನ್ನು ನಾನು ತಿದ್ದಿದ್ದೆ.

ನನಗೆ ಇದು ಹೊಸದಲ್ಲ ಎನ್ನುವುದೇ ಹೆಚ್ಚು ಚುಚ್ಚಿತು. ಬೆಂಗಳೂರಿನ ಡಬ್ಬಿಂಗ್ ಸ್ಟುಡಿಯೋದಲ್ಲಿದ್ದಾಗ, ನಮ್ಮ ಹುಬ್ಬಳ್ಳಿ ಕಡೆಯ ಕಲಾವಿದರು ಬಂದರೆ, 'ಐತಿ' ಅನ್ನುವುದು 'ಇದೆ' ಆಗುವವರೆಗೆ ಟೇಕ್ ಮೇಲೆ ಟೇಕ್ ತೆಗೆಸುತ್ತಿದ್ದವನು ನಾನೇ. ಅವರು ನನ್ನ ಮುಖ ನೋಡಿ, "ನೀವೂ ಅಲ್ಲಿಯವ್ರಲ್ರೀ ಸರ್?" ಎನ್ನುತ್ತಿದ್ದರು. "ಹೌದ್ರಿ, ಇನ್ನೊಂದ್ ಸಲ ಹೇಳ್ರಿ," ಎನ್ನುತ್ತಿದ್ದೆ.

ಮುಖ್ಯಸ್ಥೆಯ ಕೋಣೆಗೆ ಹೋದೆ. ಎರಡನ್ನೂ ಒಂದಾದ ಮೇಲೊಂದು ಕೇಳಿಸಿದೆ. ಕಂಪ್ಯೂಟರ್ ಮಾಡಿದ್ದು ಐವತ್ತು ದಾಟಿದ, ಅಮೆರಿಕದಲ್ಲಿ ನುರಿತ ಮನುಷ್ಯನ ಧ್ವನಿ. ಫಿಲ್ಮಿನದು ಇಪ್ಪತ್ತೇಳರ ಹುಡುಗನದು. ಒಬ್ಬನದೇ ಆದರೂ ಎರಡೂ ಪಕ್ಕಪಕ್ಕದಲ್ಲಿ ಕೂರುತ್ತಿರಲಿಲ್ಲ.

"ನಡುವಿನದನ್ನು ಹಾಕುವುದು ಬೇಡ," ಎಂದೆ. "ಖಾಲಿ ಬಿಡೋಣ. ಕಪ್ಪು ಪರದೆ, ಆರೂವರೆ ಸೆಕೆಂಡು. ನನ್ನ 'ಗ'ವನ್ನೂ ತೆಗೆಯುತ್ತೇನೆ."

"ಪ್ರೇಕ್ಷಕರು ಯಂತ್ರ ಕೆಟ್ಟಿತು ಅಂದುಕೊಳ್ಳುತ್ತಾರೆ."

"ಮೊದಲೇ ಹೇಳೋಣ."

"ಮಗಳಿಗೆ? ಅವರು ಕಾದಿರೋದು ಇದಕ್ಕೆ. ಎರಡು ಮಾತು ಹೆಚ್ಚು ಸಿಕ್ಕರೆ ಬೇಡ ಅನ್ನೋಕೆ ನೀನು ಯಾರು?"

"ಅವರಿಗೆ ಈಗಾಗಲೇ ಬೇರೆಯವರ ಧ್ವನಿಗಳು ಬಹಳ ಆಗಿವೆ," ಎಂದಷ್ಟೇ ಹೇಳಿದೆ. ಮುಖ್ಯಸ್ಥೆ ಪೆನ್ನಿನ ಮುಚ್ಚಳ ಹಾಕಿದರು. "ಮ್ಯೂಸಿಯಮಿನವರಿಗೆ ನಾನು ಹೇಳುತ್ತೇನೆ. ಮಗಳಿಗೆ ನೀನೇ ಕೇಳಿಸು, ಆ ಸಂಜೆಗೆ ಮೊದಲೇ," ಅಂದರು.

ಗೆಳೆಯನಿಗೆ ಫೋನ್ ಮಾಡಿದೆ. ಅವನು ಮಾಡಿದ್ದನ್ನು ಬಳಸುತ್ತಿಲ್ಲ ಎಂದು ಹೇಳಲು ಸಂಕೋಚವಾಗಿತ್ತು. "ಅಯ್ಯೋ ಬಿಡು ಗುರು," ಎಂದ. "ಅದನ್ನ ಮಾಡ್ವಾಗ್ಲೇ ನಂಗೂ ಒಂಥರಾ ಆಯ್ತು. ಕಳ್ಸಿದ್ಮೇಲೆ ಇನ್ನೊಂದ್ ಸಲ ಕೇಳ್ಲಿಲ್ಲ."

ಮುಂದಿನ ಬುಧವಾರ ನಟನ ಮಗಳು ಬಂದರು. ಈ ಸಲ ನಾವೇ ಟೆರ್ಮಿನ್ ಕೊಟ್ಟಿದ್ದೆವು. ಅರ್ಧ ಗಂಟೆ ಮೊದಲೇ ಬಂದು ಹೊರಗಿನ ಬೆಂಚಿನಲ್ಲಿ ಕೂತಿದ್ದರು. ಸಣ್ಣ ಸ್ಟುಡಿಯೋದಲ್ಲಿ ನಾವಿಬ್ಬರೇ. ಹೆಡ್‌ಫೋನ್ ಬೇಡ, ಸ್ಪೀಕರಿನಲ್ಲೇ ಕೇಳುತ್ತೇನೆ ಎಂದರು. ಏನು ಉಳಿದಿದೆ, ಏನು ಹೋಗಿದೆ, ಎಲ್ಲವನ್ನೂ ಹೇಳಿದೆ. ಕಂಪ್ಯೂಟರಿನ ಧ್ವನಿಯ ವಿಚಾರವನ್ನೂ ಮುಚ್ಚಿಡಲಿಲ್ಲ. "ಅದೂ ಇದೆ. ಬೇಕೆಂದರೆ ಕೇಳಿಸುತ್ತೇನೆ," ಎಂದೆ. ಅವರು ಬೇಡವೆಂದು ಕೈಯಾಡಿಸಿದರು.

ಪರದೆಯ ಮೇಲೆ ಬಿಳಿ ಕೋಟಿನ ಹುಡುಗ ಬಂದ. ಕುರ್ಚಿ ಒರೆಸಿದ. ಬನ್ನಿ, ಕೂತ್ಕೊಳ್ಳಿ. ಪರದೆ ಕಪ್ಪಾಯಿತು. ಆ ಆರೂವರೆ ಸೆಕೆಂಡು ಅಷ್ಟು ಉದ್ದವಿರುತ್ತದೆ ಎಂದು ನನಗೆ ತಿಳಿದಿರಲಿಲ್ಲ. ಆಮೇಲೆ ಕನ್ನಡಿ, ಬಾಚಣಿಗೆ, ಇಷ್ಟು ಸಾಕಾ? ಯೂಟ್, ಯೂಟ್.

ಅವರ ಭುಜ ಒಮ್ಮೆ ಕುಲುಕಿತು. ಅಳುತ್ತಿದ್ದಾರೆ ಎಂದುಕೊಂಡೆ. ನಗುತ್ತಿದ್ದರು.

"ನಾನು ಹಾಗೆ ಮಾತಾಡಿದರೆ ಅಮ್ಮ ಕೈ ಮೇಲೆ ಹೊಡೀತಿದ್ದಳು," ಅಂದರು. "ನಿನ್ನಪ್ಪ ರಾಜಕುಮಾರನ ಹಾಗೆ ಮಾತಾಡ್ತಿದ್ದ, ನೀನು ನೋಡಿದರೆ ತರಕಾರಿ ಮಾರೋರ ಹಾಗೆ ಮಾತಾಡ್ತೀಯ ಅಂತ. ಸುಳ್ಳು ಹೇಳಿದ್ದಾಳೆ, ನೋಡಿ."

"ಇನ್ನೊಮ್ಮೆ?" ಎಂದೆ.

ಮೂರು ಸಲ ಕೇಳಿದರು. ಮೂರನೆಯ ಸಲ ಕಣ್ಣು ಮುಚ್ಚಿಕೊಂಡಿದ್ದರು. ಚಿತ್ರ ಮುಗಿದ ಮೇಲೂ ತೆರೆಯಲಿಲ್ಲ. ನಾನು ನಾಲ್ಕನೆಯ ಸಲಕ್ಕೆ ಕೈ ಚಾಚಿದಾಗ, "ಸಾಕು," ಅಂದರು. "ಇಷ್ಟಿದ್ದರೆ ಸಾಕು. ನನ್ನ ಹೆಸರು ಹೇಗೆ ಕರೀತಿದ್ದರು ಅಂತ ಇನ್ನು ನಾನೇ ಕೇಳಿಸ್ಕೋತೀನಿ."

ಕೋಟು ಹಾಕಿಕೊಳ್ಳಲು ನೆರವಾದೆ. ಹೊರಗೆ ಬಿಸಿಲಿತ್ತು. ಟ್ರಾಮ್ ಸ್ಟಾಪಿನವರೆಗೆ ಜೊತೆಯಲ್ಲಿ ನಡೆದೆ. ಬೆಂಚಿನಲ್ಲಿ ಕೂತು, ಕೋಲನ್ನು ಮೊಣಕಾಲಿಗೆ ಒರಗಿಸಿ, ಎದುರಿನ ರಸ್ತೆ ನೋಡುತ್ತಿದ್ದರು. ತುಟಿ ಸ್ವಲ್ಪವೇ ಅಲುಗುತ್ತಿತ್ತು. ಒಮ್ಮೆ ತಲೆಯನ್ನು ಬಲಕ್ಕೆ ವಾಲಿಸಿದರು, ಹಿಂದಿನಿಂದ ಯಾರಾದರೂ ಕರೆದಾಗ ಮಾಡುವ ಹಾಗೆ. ಅವರ ಟ್ರಾಮ್ ಬಂತು. ಬಾಗಿಲು ತೆರೆಯಿತು, ಮುಚ್ಚಿತು, ಹೊರಟಿತು. ಅವರು ಏಳಲಿಲ್ಲ. ನಾನೂ ಏಳಿ ಎನ್ನಲಿಲ್ಲ. ಮುಂದಿನದಕ್ಕೆ ಹತ್ತು ನಿಮಿಷವಿತ್ತು.